ಈ ಪುಸ್ತಕದ ವಯಸ್ಸೆಷ್ಟು?



ನಮ್ಮ ಮಾತುಕತೆ ಕಾರ್ಯಕ್ರಮದಲ್ಲಿ ಒಮ್ಮೆ ನಾನು ಮಕ್ಕಳ ಪದ್ಯಗಳ ಒಂದು ತೆಳ್ಳಗಿನ ಪುಸ್ತಕವನ್ನು ಎತ್ತಿ ತೋರಿಸಿ, "ಇದು 1938ರ ಮೊದಲ ಮುದ್ರಣ" ಎಂದು ಹೇಳಿದ್ದೆ. ಆ ಮಾತು ತಪ್ಪು. ಆ ತಪ್ಪು ಹೇಗಾಯಿತು, ಅದನ್ನು ಯಾರು ಹಿಡಿದರು, ಸರಿಯಾದ ಉತ್ತರಕ್ಕೆ ನಾವು ಯಾವ ದಾರಿಯಿಂದ ಹೋದೆವು ಎಂಬುದನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತೇನೆ. ಕಥೆ ಒಂದು ಪುಸ್ತಕದ್ದು. ಆದರೆ ಇತಿಹಾಸದಲ್ಲಿ ಕಾಲವನ್ನು ಗೊತ್ತುಮಾಡುವ ಕ್ರಮವನ್ನು ಇದರಿಂದ ನೀವು ಚೆನ್ನಾಗಿ ಕಲಿಯಬಹುದು.

ಆ ಪುಸ್ತಕ ಸಿಕ್ಕಿದ್ದು ಸೇಡಂ ಊರಿನ ಒಂದು ಮನೆಯಲ್ಲಿ. ಕಾಗಿಣಾ ನದಿಯ ದಂಡೆಯ ಮಳಖೇಡದಲ್ಲಿ ರಾಷ್ಟ್ರಕೂಟರ ಕೋಟೆಯ ಚಿತ್ರೀಕರಣ ಮುಗಿಸಿ ನಾವು ಸೇಡಂಗೆ ಬಂದಿದ್ದೆವು. ಹಳೆಯ ಪುಸ್ತಕಗಳ ಬಗ್ಗೆ ವಿಚಾರಿಸುತ್ತಿದ್ದೇವೆಂದು ತಿಳಿದು ಒಬ್ಬ ಅಜ್ಜಿ ತಮ್ಮ ಟ್ರಂಕಿನಿಂದ ಇದನ್ನು ತೆಗೆದುಕೊಟ್ಟರು. "ನಮ್ಮಣ್ಣಗ ಸಾಲ್ಯಾಗ ಇನಾಮ ಕೊಟ್ಟಿದ್ರಿ ಇದು. ರದ್ದಿಗಿ ಹಾಕಬಾರದಂತ ಇಟ್ಟೀನ್ರಿ" ಎಂದರು. ಮುಖಪುಟದ ಮೇಲಿನ ಅರ್ಧ ಹರಿದಿತ್ತು. ಶೀರ್ಷಿಕೆಯ ಹಾಳೆ ಇರಲಿಲ್ಲ. ಕೊನೆಯ ಹಾಳೆ ರಟ್ಟಿಗೆ ಅಂಟಿಕೊಂಡಿತ್ತು. ಆದರೆ ಲೇಖಕರ 'ಅರಿಕೆ' ಪೂರ್ತಿಯಾಗಿ ಉಳಿದಿತ್ತು. ಅದರ ಕೆಳಗೆ 'ಬಹುಧಾನ್ಯ ಸಂವತ್ಸರದ ಯುಗಾದಿ' ಎಂದು ಅಚ್ಚಾಗಿತ್ತು.

ಸಂವತ್ಸರಗಳು ಅರವತ್ತು. ಅವು ಚಕ್ರದಂತೆ ತಿರುಗಿ ಬರುತ್ತವೆ. ಬಹುಧಾನ್ಯ 1878ರಲ್ಲಿ ಬಂದಿತ್ತು, 1938ರಲ್ಲಿ ಬಂದಿತ್ತು, 1998ರಲ್ಲೂ ಬಂದಿತ್ತು. ಪುಸ್ತಕ 1998ರಷ್ಟು ಹೊಸದಲ್ಲ, ಭಾಷೆ 1878ರಷ್ಟು ಹಳೆಯದಲ್ಲ. ಆದ್ದರಿಂದ 1938 ಎಂದು ಲೆಕ್ಕ ಹಾಕಿದೆ. ಲೆಕ್ಕವೇನೋ ಸರಿಯಾಗಿತ್ತು. ಆದರೆ ಅದು ಯಾವುದರ ಲೆಕ್ಕ ಎಂದು ನಾನು ಯೋಚಿಸಲಿಲ್ಲ. ಅರಿಕೆಯ ಕೆಳಗಿನ ತಾರೀಖು ಅರಿಕೆ ಬರೆದ ದಿನವನ್ನು ತಿಳಿಸುತ್ತದೆ. ಕೈಯಲ್ಲಿರುವ ಪ್ರತಿ ಅಚ್ಚಾದ ದಿನವನ್ನು ಅದು ತಿಳಿಸಬೇಕೆಂದೇನೂ ಇಲ್ಲ. ಹತ್ತು ಸಲ ಮರುಮುದ್ರಣವಾದರೂ ಮುದ್ರಕರು ಹಳೆಯ ಅರಿಕೆಯನ್ನು ಅದೇ ತಾರೀಖಿನೊಡನೆ ಮತ್ತೆ ಅಚ್ಚು ಹಾಕುತ್ತಾರೆ.

ವಿಜ್ಞಾನ ಓದಿದವನು ನಾನು. ಒಂದೇ ಅಳತೆಯನ್ನು ನಂಬಬಾರದೆಂದು ಪ್ರಯೋಗಶಾಲೆಯಲ್ಲಿ ಕಲಿತವನು. ಆದರೂ ಎಡವಿದ್ದಕ್ಕೆ ಕಾರಣವಿದೆ. 1938 ಎಂಬ ಇಸವಿ ನನಗೆ ಬೇಕಾಗಿತ್ತು. ಆಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲವೂ ಹೈದರಾಬಾದಿನ ನಿಜಾಮರ ಸಂಸ್ಥಾನದಲ್ಲಿದ್ದವು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದು. ಅದೇ ಸಂಸ್ಥಾನದ ರಾಯಚೂರಿನಲ್ಲಿ 1934ರಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮಕ್ಕಳ ಸಾಹಿತ್ಯದ ಹಿರಿಯರಾದ ಪಂಜೆ ಮಂಗೇಶರಾಯರು ಅಧ್ಯಕ್ಷರಾಗಿದ್ದರು. ಅದಾದ ನಾಲ್ಕೇ ವರ್ಷಕ್ಕೆ ಸೇಡಂ ಶಾಲೆಯ ಹುಡುಗನ ಕೈಯಲ್ಲಿ ಕನ್ನಡ ಪದ್ಯಗಳ ಹೊಸ ಪುಸ್ತಕ! ಎಂಥ ಒಳ್ಳೆಯ ಕಥೆ ಎಂದು ನನಗೆ ಅನ್ನಿಸಿತು. ಕಥೆ ಚೆನ್ನಾಗಿದ್ದುದರಿಂದ ಸಾಕ್ಷಿಯನ್ನು ಎರಡನೆಯ ಸಲ ನೋಡಲಿಲ್ಲ.

ಕಾರ್ಯಕ್ರಮ ಪ್ರಸಾರವಾಯಿತು. ಚಿತ್ತಾಪುರದ ಒಂದು ಶಾಲೆಯ ಮಕ್ಕಳು ತಮ್ಮ ಯೋಜನಾ ಪುಸ್ತಕದಲ್ಲಿ 'ನಿಜಾಮರ ಕಾಲದಲ್ಲಿ, 1938ರಲ್ಲಿಯೇ, ಸೇಡಂ ಶಾಲೆಯಲ್ಲಿ ಕನ್ನಡ ಮಕ್ಕಳ ಪುಸ್ತಕ ಬಹುಮಾನವಾಗಿ ಕೊಡುತ್ತಿದ್ದರು' ಎಂದು ಬರೆದು, ಅದರ ಪ್ರತಿಯನ್ನು ನಮಗೆ ಕಳುಹಿಸಿದರು. ಅದರ ಹಿಂದೆಯೇ ಶಹಾಬಾದಿನಿಂದ ಒಂದು ಕಾಗದ ಬಂತು. ಬರೆದವರು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ಕಾಗದದಲ್ಲಿ ಇದ್ದದ್ದು ಎರಡೇ ಸಾಲು: "ಪುಸ್ತಕದ ಹಿಂಬದಿ ಟಿ.ವಿ.ಯಲ್ಲಿ ಎರಡು ಕ್ಷಣ ಕಂಡಿತು. ಬೆಲೆ 60 ನ.ಪೈ. ಎಂದಿದೆ, 1938ರಲ್ಲಿ ನಯೇಪೈಸೆ ಎಲ್ಲಿತ್ತು ಸಾಹೇಬರೇ?"

ಪುಸ್ತಕ ತೆಗೆದು ನೋಡಿದೆ. ಹಿಂಬದಿಯ ಕೆಳಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬೆಲೆ ಹಾಗೆಯೇ ಇತ್ತು. ನಮ್ಮ ದೇಶದಲ್ಲಿ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಮೊದಲು ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ನನ್ನ 1938ರ ಪುಸ್ತಕ ಒಂದೇ ಏಟಿಗೆ ಹತ್ತೊಂಬತ್ತು ವರ್ಷ ಈಚೆಗೆ ಬಂದು ನಿಂತಿತು.

ಮೊದಲ ಮುದ್ರಣ ಎಂದರೇನು?

ಮುಂದೆ ಹೋಗುವ ಮೊದಲು ಮಾತಿನ ಅರ್ಥವನ್ನು ಸ್ಪಷ್ಟಮಾಡಿಕೊಳ್ಳೋಣ. ಒಂದು ಸಲ ಜೋಡಿಸಿದ ಅಕ್ಷರಗಳಿಂದ ಅಚ್ಚಾದ ಪ್ರತಿಗಳೆಲ್ಲ ಸೇರಿ ಒಂದು ಆವೃತ್ತಿ. ಅದೇ ಜೋಡಣೆಯಿಂದ ಬೇರೆ ಬೇರೆ ಕಾಲದಲ್ಲಿ ಪ್ರತಿಗಳನ್ನು ತೆಗೆದರೆ ಅವು ಒಂದೇ ಆವೃತ್ತಿಯ ಬೇರೆ ಬೇರೆ ಮುದ್ರಣಗಳು. ನಮ್ಮ ಪ್ರಕಾಶಕರು ಈ ಎರಡು ಪದಗಳನ್ನು ಬೆರೆಸಿ ಬಳಸುವುದುಂಟು. ಹಳೆಯ ಪುಸ್ತಕ ಸಂಗ್ರಹಿಸುವವರು 'ಮೊದಲನೆಯದು' ಎಂದಾಗ ಮೊದಲ ಆವೃತ್ತಿಯ ಮೊದಲ ಮುದ್ರಣ ಎಂದೇ ಅರ್ಥ.

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಸೀಸದ ಅಕ್ಷರಗಳು ದುಬಾರಿ. ಒಂದು ಫಾರಂ ಅಚ್ಚಾದ ಮೇಲೆ ಅದನ್ನು ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರದರ ಖಾನೆಗೆ ಹಾಕಿ, ಅದೇ ಮೊಳೆಗಳಿಂದ ಮುಂದಿನ ಪುಟಗಳನ್ನು ಜೋಡಿಸುತ್ತಿದ್ದರು. ಆದ್ದರಿಂದ ನಾಲ್ಕು ವರ್ಷಗಳ ನಂತರ ಅದೇ ಪುಸ್ತಕ ಬೇಕೆಂದರೆ ಎಲ್ಲವನ್ನೂ ಹೊಸದಾಗಿ ಜೋಡಿಸಬೇಕಾಗುತ್ತಿತ್ತು. ಹೊಸದಾಗಿ ಜೋಡಿಸಿದಾಗ ಸಾಲು ಒಡೆಯುವ ಜಾಗ ಬದಲಾಗುತ್ತದೆ. ಹಳೆಯ ತಪ್ಪು ತಿದ್ದಿಹೋಗಿ ಹೊಸ ತಪ್ಪು ಸೇರುತ್ತದೆ. ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹತ್ತು ಪುಟ ಹೋಲಿಸಿದರೆ ಅವು ಒಂದೇ ಜೋಡಣೆಯವೋ ಅಲ್ಲವೋ ಎಂದು ನೀವೇ ಹೇಳಬಲ್ಲಿರಿ.

ಮಕ್ಕಳ ಪುಸ್ತಕಗಳಲ್ಲಿ ಒಂದು ತೊಡಕು ಹೆಚ್ಚು. ದೊಡ್ಡವರ ಪುಸ್ತಕ ಕಪಾಟಿನಲ್ಲಿ ಕೂತಿರುತ್ತದೆ. ಮಕ್ಕಳ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ಅದರಲ್ಲಿ ಮೊದಲು ಹರಿಯುವುದು ಮುಖಪುಟ, ಆಮೇಲೆ ಶೀರ್ಷಿಕೆಯ ಹಾಳೆ. ಚಿಂಚೋಳಿಯ ಒಂದು ಶಾಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ನಾವು ನೋಡಿದ ಹಳೆಯ ಪುಸ್ತಕಗಳಿಗೆಲ್ಲ ಒಂದೇ ಬಗೆಯ ಖಾಕಿ ರಟ್ಟು ಹಾಕಿ ಹೊಲಿದಿದ್ದರು. ಹೊಲಿಯುವಾಗ ಹಳೆಯ ಮುಖಪುಟಗಳನ್ನು ಕಿತ್ತು ಎಸೆದಿದ್ದರು. ಪುಸ್ತಕ ಉಳಿಯಲೆಂದು ಮಾಡಿದ ಕೆಲಸದಲ್ಲೇ ಪುಸ್ತಕದ ಜನ್ಮಪತ್ರಿಕೆ ಹೋಗಿಬಿಟ್ಟಿತ್ತು.

ಆ ಜನ್ಮಪತ್ರಿಕೆ ಇರುತ್ತಿದ್ದುದಾದರೂ ಏಕೆ? ಅದಕ್ಕೆ ಒಂದು ಕಾನೂನು ಕಾರಣ. ಬ್ರಿಟಿಷ್ ಸರಕಾರ 1867ರಲ್ಲಿ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆಯನ್ನು ತಂದಿತು. ಅದರ ಪ್ರಕಾರ ಅಚ್ಚಾದ ಪ್ರತಿಯೊಂದು ಪುಸ್ತಕದಲ್ಲೂ ಮುದ್ರಕರ ಹೆಸರು, ಮುದ್ರಣವಾದ ಊರು, ಪ್ರಕಾಶಕರ ಹೆಸರು ಮತ್ತು ಊರು ಇರಲೇಬೇಕಾಗಿತ್ತು. ಆ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಂದು ಬಂತು. ಹೊಸದರಲ್ಲಿ ಪುಸ್ತಕಗಳು ಸೇರಿಲ್ಲ.

ಹಳೆಯ ಕಾಯ್ದೆಯಿಂದ ಇತಿಹಾಸಕಾರರಿಗೆ ಇನ್ನೊಂದು ದೊಡ್ಡ ಉಪಕಾರವಾಗಿದೆ. ನೋಂದಣಿಯಾದ ಪುಸ್ತಕಗಳ ಪಟ್ಟಿಯನ್ನು ಪ್ರಾಂತೀಯ ಸರಕಾರಗಳು ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕಾಗಿತ್ತು. ಅದರಲ್ಲಿ ಪುಸ್ತಕದ ಹೆಸರು, ಭಾಷೆ, ಪುಟಗಳು, ಬೆಲೆ, ಪ್ರತಿಗಳ ಸಂಖ್ಯೆ ಎಲ್ಲವೂ ಇರಬೇಕು. ಎಷ್ಟನೆಯ ಆವೃತ್ತಿ ಎಂಬುದೂ ಇರಬೇಕು. ಆಳುವವರು ಅಚ್ಚಿನ ಮೇಲೆ ಕಣ್ಣಿಡಲು ಮಾಡಿದ ಏರ್ಪಾಡು ಇದು. ಪುಸ್ತಕವೇ ಸಿಗದಿದ್ದರೂ ಅದರ ಹುಟ್ಟನ್ನು ಈ ಪಟ್ಟಿಗಳಿಂದ ತಿಳಿಯಬಹುದು.

ಪುಸ್ತಕ ಬಂದ ದಾರಿ

ನಿಜಾಮರ ಸಂಸ್ಥಾನ ಬ್ರಿಟಿಷ್ ಇಂಡಿಯಾದ ಹೊರಗಿದ್ದುದರಿಂದ 1867ರ ಕಾಯ್ದೆ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ಮಂಗಳೂರು ಮದರಾಸು ಪ್ರಾಂತದಲ್ಲಿತ್ತು. ಅಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ಈ ಭಾಗಕ್ಕೆ ಬರಲು ರೈಲು ಒಳ್ಳೆಯ ದಾರಿಯಾಗಿತ್ತು. ಮುಂಬಯಿಯ ಕಡೆಯಿಂದ ಬಂದ ರೈಲುದಾರಿ 1871ರಲ್ಲಿ ರಾಯಚೂರು ಮುಟ್ಟಿ ಮದರಾಸಿನ ದಾರಿಯನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರುಗಳ ಮೇಲೆ ಸಿಕಂದರಾಬಾದಿಗೆ ದಾರಿ ತೆರೆಯಿತು. ಹೀಗೆ ವಾಡಿ ಮೂರು ದಿಕ್ಕಿನ ಗಾಡಿಗಳು ಸೇರುವ ಜಂಕ್ಷನ್ ಆಯಿತು.

ಈ ಇತಿಹಾಸ ನಿಮ್ಮ ಕೈಯಲ್ಲಿರುವ ಹಳೆಯ ಪುಸ್ತಕದ ಮೇಲೆ ಗುರುತು ಬಿಟ್ಟಿರಬಹುದು. ಶಾಲೆಯ ಅಥವಾ ಕಚೇರಿಯ ಉರ್ದು ಮುದ್ರೆ ಇದ್ದರೆ ಅದರಲ್ಲಿ ಫಸಲಿ ವರ್ಷವಿದೆಯೇ ನೋಡಿ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ತಿಂಗಳಲ್ಲಿ ಆರಂಭವಾಗುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ಸಿಗುತ್ತದೆ. ಮುದ್ರೆಯಲ್ಲಿ 1352 ಎಂದಿದ್ದರೆ ಅದು 1942-43. ಉರ್ದು ಅಂಕಿಗಳನ್ನು ಓದಲು ನಿಮ್ಮ ಊರಿನ ಉರ್ದು ಮೇಷ್ಟ್ರ ನೆರವು ಕೇಳಿ.

ಬೆಲೆಯ ಪಕ್ಕ ಪೆನ್ಸಿಲಿನಲ್ಲಿ ಬರೆದ ಅಂಕಿಯನ್ನೂ ಗಮನಿಸಿ. ನಿಜಾಮರ ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು. ಜನ ಅದನ್ನು ಹಾಲಿ ಸಿಕ್ಕಾ ಎನ್ನುತ್ತಿದ್ದರು, ಬ್ರಿಟಿಷ್ ರೂಪಾಯಿಯನ್ನು ಕಲ್ದಾರ ಎನ್ನುತ್ತಿದ್ದರು. ಆರು ಕಲ್ದಾರ ರೂಪಾಯಿಗೆ ಏಳು ಹಾಲಿ ರೂಪಾಯಿ ಸಮ. ಧಾರವಾಡದಲ್ಲಿ ಆರು ಆಣೆ ಎಂದು ಅಚ್ಚಾದ ಪುಸ್ತಕದ ಮೇಲೆ ಏಳು ಆಣೆ ಎಂದು ಪೆನ್ಸಿಲಿನಲ್ಲಿ ಬರೆದಿದ್ದರೆ, ಅದನ್ನು ಹಾಲಿ ಸಿಕ್ಕಾ ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿ ಮಾರಿರಬಹುದು ಎಂಬ ಸುಳಿವು ಸಿಗುತ್ತದೆ.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆಯ ಕಾಲ ಮುಗಿಯಿತು. ಆಮೇಲೂ ಎಂಟು ವರ್ಷ ಈ ಊರುಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. 1956ರ ನವೆಂಬರ್ 1ರಂದು ಇವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ಧಾರವಾಡವೂ ಮುಂಬಯಿ ರಾಜ್ಯದಿಂದ ಅದೇ ದಿನ ಮೈಸೂರಿಗೆ ಬಂತು. ಈ ತಾರೀಖನ್ನು ನೆನಪಿಡಿ. ಮುಂದೆ ಇದು ನಮಗೆ ಬೇಕಾಗುತ್ತದೆ.

ಸಾಕ್ಷಿಗಳ ಪರೀಕ್ಷೆ

ಪುಸ್ತಕದ ಕಾಲ ಹೇಳುವ ಸಾಕ್ಷಿಗಳಲ್ಲಿ ಎರಡು ಬಗೆ. 'ಇದಕ್ಕಿಂತ ಹಿಂದಿನದಲ್ಲ' ಎನ್ನುವವು ಒಂದು ಬಗೆ. 'ಇದಕ್ಕಿಂತ ಈಚಿನದಲ್ಲ' ಎನ್ನುವವು ಇನ್ನೊಂದು. ಎರಡನ್ನೂ ಹುಡುಕಿ ನಡುವಿನ ಅಂತರವನ್ನು ಕಿರಿದುಮಾಡುತ್ತ ಹೋಗಬೇಕು.

ಮೊದಲ ಬಗೆಯಲ್ಲಿ ಬೆಲೆ ಬಹಳ ನೆರವಾಗುತ್ತದೆ. 0-6-0 ಎಂದಿದ್ದರೆ ಆರು ಆಣೆ. ಅದು ಆಣೆಯ ಕಾಲದ್ದು. 'ನ.ಪೈ.' ಎಂದಿದ್ದರೆ 1957ರ ಏಪ್ರಿಲ್ 1ಕ್ಕೆ ಹಿಂದಿನದಲ್ಲ. 1964ರ ಜೂನ್ 1ರಿಂದ 'ನಯೇ' ಎಂಬ ಮಾತನ್ನು ಬಿಟ್ಟು ಬರಿಯ ಪೈಸೆ ಎಂದು ಕರೆದರು. ರೂಪಾಯಿಯ ಈಗಿನ ಚಿಹ್ನೆ ಬಂದದ್ದು 2010ರಲ್ಲಿ. ಒಂದು ಎಚ್ಚರಿಕೆ: ಹಳೆಯ ಪ್ರತಿಗಳ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿ ಮಾರುವುದುಂಟು. ಅಚ್ಚಾದ ಬೆಲೆಯನ್ನು ನಂಬಿ, ಅಂಟಿಸಿದ್ದನ್ನು ನಂಬಬೇಡಿ.

ವಿಳಾಸವೂ ಮಾತನಾಡುತ್ತದೆ. 'ಮೈಸೂರು ರಾಜ್ಯ' 'ಕರ್ನಾಟಕ'ವಾದದ್ದು 1973ರ ನವೆಂಬರ್ 1ರಂದು. ಆರು ಅಂಕಿಗಳ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಪುಸ್ತಕಗಳಿಗೆ ಐ.ಎಸ್.ಬಿ.ಎನ್. ಸಂಖ್ಯೆ ಕೊಡುವ ಸಂಸ್ಥೆ ಭಾರತದಲ್ಲಿ 1985ರಲ್ಲಿ ಆರಂಭವಾಯಿತು. ಆ ಸಂಖ್ಯೆ ಹತ್ತು ಅಂಕಿಗಳಿಂದ ಹದಿಮೂರಕ್ಕೆ ಏರಿದ್ದು 2007ರಲ್ಲಿ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯದ ಪುಸ್ತಕಗಳಲ್ಲಿ ಇಸವಿಯ ಪಕ್ಕ ಶಕ ವರ್ಷವನ್ನೂ ಕೊಟ್ಟಿರುತ್ತಾರೆ. ಶಕಕ್ಕೆ 78 ಕೂಡಿಸಿ ಎರಡೂ ಹೊಂದುತ್ತವೆಯೇ ನೋಡಬಹುದು. ಮಾಸ್ಕೋದಿಂದ ಕನ್ನಡದಲ್ಲಿ ಬರುತ್ತಿದ್ದ ಚಿತ್ರಪುಸ್ತಕಗಳು ನಿಮ್ಮ ತಂದೆತಾಯಿಗಳಿಗೆ ನೆನಪಿರಬಹುದು. ಅವುಗಳಲ್ಲಿ 'ರಾದುಗ ಪ್ರಕಾಶನ' ಎಂದಿದ್ದರೆ ಆ ಪ್ರತಿ 1982ಕ್ಕಿಂತ ಹಿಂದಿನದಲ್ಲ. ಆ ಸಂಸ್ಥೆ ಪ್ರಗತಿ ಪ್ರಕಾಶನದಿಂದ ಬೇರೆಯಾಗಿ ನಿಂತದ್ದೇ ಆ ವರ್ಷ.

ಇನ್ನು ಅಚ್ಚಿನ ವಿಧಾನ. ಮೊಳೆಯಿಂದ ಅಚ್ಚಾದ ಹಾಳೆಯ ಹಿಂಬದಿಯನ್ನು ಬೆರಳಿನಿಂದ ಮೆಲ್ಲಗೆ ಸವರಿ ನೋಡಿ. ಅಕ್ಷರ ಒತ್ತಿದ ಜಾಗ ಸ್ವಲ್ಪ ಉಬ್ಬಿರುತ್ತದೆ. ಆಫ್‌ಸೆಟ್ ಮುದ್ರಣದಲ್ಲಿ ಹಾಳೆ ನುಣುಪಾಗಿರುತ್ತದೆ. ಎರಡಕ್ಕಿಂತ ಬೇರೆಯಾದದ್ದು ಕಲ್ಲಚ್ಚು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲೇ ಹೊರಬಂತು. ನಯವಾದ ಸುಣ್ಣಕಲ್ಲಿನ ಮೇಲೆ ಎಣ್ಣೆಯ ಶಾಯಿಯಿಂದ ಬರೆದು, ಕಲ್ಲನ್ನು ನೀರಿನಿಂದ ಒದ್ದೆಮಾಡಿದರೆ, ಬರೆದ ಜಾಗ ಮಾತ್ರ ಶಾಯಿಯನ್ನು ಹಿಡಿಯುತ್ತದೆ. ಶಹಾಬಾದಿನವರಿಗೆ ಸುಣ್ಣಕಲ್ಲನ್ನು ಪರಿಚಯಿಸಬೇಕಾಗಿಲ್ಲ, ಅವರ ಫರಸಿಯೂ ಸುಣ್ಣಕಲ್ಲೇ. ಮುದ್ರಣಕ್ಕೆ ಹೆಸರಾದ ಕಲ್ಲು ಮಾತ್ರ ಜರ್ಮನಿಯ ಬವೇರಿಯಾದ್ದು. ಕಲ್ಲಚ್ಚಿನಲ್ಲಿ ಒಂದೇ ಅಕ್ಷರ ಎರಡು ಕಡೆ ಬಂದರೆ ಅವು ಕೈಬರಹದಂತೆ ಸ್ವಲ್ಪ ಬೇರೆಯಾಗಿರುತ್ತವೆ. ಭೂತಗನ್ನಡಿ ಹಿಡಿದರೆ ಗೊತ್ತಾಗುತ್ತದೆ.

ಕಾಗದದ ಬಣ್ಣವನ್ನು ನೋಡಿ ಮೋಸಹೋಗಬೇಡಿ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಮತ್ತು ಆಮ್ಲ ಉಳಿದಿರುತ್ತವೆ. ಬಿಸಿಲು, ಗಾಳಿ ತಾಗಿದಂತೆ ಅದು ಕಂದುಬಣ್ಣಕ್ಕೆ ತಿರುಗಿ ಹಪ್ಪಳದಂತೆ ಮುರಿಯುತ್ತದೆ. ನಮ್ಮ ಕಲಬುರಗಿಯ ಬೇಸಿಗೆಯಲ್ಲಿ ಇದು ಇನ್ನೂ ಬೇಗ. ಚಿಂದಿಬಟ್ಟೆಯ ನಾರಿನಿಂದ ಮಾಡಿದ ನೂರೈವತ್ತು ವರ್ಷದ ಕಾಗದ ಬೆಳ್ಳಗಿದ್ದು, 1960ರ ಕಾಗದ ಅದಕ್ಕಿಂತ ಮುದಿಯಾಗಿ ಕಾಣುವುದು ಸಾಮಾನ್ಯ.

ಆದರೆ ಕಾಗದದಿಂದ ಒಂದು ಒಳ್ಳೆಯ ಪರೀಕ್ಷೆ ಸಾಧ್ಯ. ಅಂಗಡಿಗಳಲ್ಲಿ ನೋಟು ಪರೀಕ್ಷಿಸಲು ಬಳಸುವ ನೇರಳಾತೀತ ದೀಪವನ್ನು ಕತ್ತಲಲ್ಲಿ ಹಾಳೆಯ ಮೇಲೆ ಹಿಡಿಯಿರಿ. ದೀಪವನ್ನು ಮಾತ್ರ ನೇರವಾಗಿ ನೋಡಬಾರದು. ಹಾಳೆ ನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ ಎಂದರ್ಥ. ಅಂಥ ರಾಸಾಯನಿಕ ಕಾಗದಕ್ಕೆ ಸೇರತೊಡಗಿದ್ದು 1950ರ ಸುಮಾರಿಗೆ. ಹೊಳೆಯದಿದ್ದರೆ ಏನೂ ತೀರ್ಮಾನಿಸುವಂತಿಲ್ಲ, ಏಕೆಂದರೆ ಆಮೇಲೂ ಅಗ್ಗದ ಕಾಗದಕ್ಕೆ ಅದನ್ನು ಹಾಕದೆ ಇರಬಹುದು. ಸೇಡಂನ ಪುಸ್ತಕ ಹೊಳೆಯಲಿಲ್ಲ. ನಾನು ಮೊದಲಿನ ಉತ್ಸಾಹದಲ್ಲೇ ಇದ್ದಿದ್ದರೆ 'ನೋಡಿ, ಹಳೆಯದು' ಎಂದುಬಿಡುತ್ತಿದ್ದೆನೋ ಏನೋ.

ಎರಡನೆಯ ಬಗೆಯ ಸಾಕ್ಷಿ ಓದುಗರು ಬಿಟ್ಟದ್ದು: ಕೈಬರಹದ ಹೆಸರು, ಬಹುಮಾನದ ಬರಹ, ಗ್ರಂಥಾಲಯದ ಮುದ್ರೆಯ ತಾರೀಖು. ಪುಸ್ತಕ ಆ ದಿನಕ್ಕೆ ಮೊದಲೇ ಅಚ್ಚಾಗಿರಬೇಕು. ಪುಟ ಕೊಳೆಯಾಗಿದೆ ಎಂದು ನಾವು ಮುಖ ಸಿಂಡರಿಸುವ ಬರಹವೇ ಇಲ್ಲಿ ನೆರವಿಗೆ ಬರುತ್ತದೆ.

ಹೊರಗಿನ ಎರಡು ಉದಾಹರಣೆ

ಮೊದಲ ಮುದ್ರಣದ ಪ್ರಶ್ನೆ ನಮ್ಮಲ್ಲಿ ಮಾತ್ರ ತೊಡಕಿನದೆಂದು ತಿಳಿಯಬೇಡಿ. ಲೂಯಿ ಕ್ಯಾರಲ್ ಬರೆದ 'ಆಲಿಸ್' 1865ರಲ್ಲಿ ಲಂಡನ್ನಿನ ಮ್ಯಾಕ್‌ಮಿಲನ್ ಸಂಸ್ಥೆಗಾಗಿ 2000 ಪ್ರತಿ ಅಚ್ಚಾಯಿತು. ಚಿತ್ರಗಳು ಸರಿಯಾಗಿ ಮೂಡಿಲ್ಲವೆಂದು ಚಿತ್ರಕಾರ ಜಾನ್ ಟೆನಿಯಲ್ ಆಕ್ಷೇಪಿಸಿದರು. ಪುಸ್ತಕವನ್ನು ಹಿಂದಕ್ಕೆ ಪಡೆದು ಹೊಸದಾಗಿ ಅಚ್ಚು ಹಾಕಿಸಿದರು. ಹೊಸದು 1865ರ ಕೊನೆಗೇ ಮಾರಾಟಕ್ಕೆ ಬಂದರೂ ಅದರ ಮೇಲೆ 1866 ಎಂದಿತ್ತು. ಹಿಂದಕ್ಕೆ ಪಡೆದ ಹಾಳೆಗಳನ್ನು ಅಮೆರಿಕದ ಆ್ಯಪಲ್‌ಟನ್ ಸಂಸ್ಥೆಗೆ ಮಾರಿದರು. ಅವರು ಹೊಸ ಶೀರ್ಷಿಕೆಯ ಹಾಳೆ ಸೇರಿಸಿ 1866ರಲ್ಲಿ ಮಾರಿದರು. ಅಂದರೆ ಒಳಗಿನ ಹಾಳೆಗಳು ಮೊದಲಿನವು, ಮೇಲಿನ ಹಾಳೆ ಮಾತ್ರ ಹೊಸದು! 1865ರ ಲಂಡನ್ ಪ್ರತಿಗಳಲ್ಲಿ ಉಳಿದಿರುವುದು ಇಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ.

ಇನ್ನೊಂದು ಉದಾಹರಣೆ ನಮ್ಮ ಮನೆಯದೇ. 'ಅಮರ ಚಿತ್ರಕಥೆ' ಎಂದೊಡನೆ ಕಾರ್ಕಳ ಮೂಲದ ಅನಂತ ಪೈಗಳು ನೆನಪಾಗುತ್ತಾರೆ. ಇಂಗ್ಲಿಷ್ ಸರಣಿಯಲ್ಲಿ ಅವರ 'ಕೃಷ್ಣ' ಮೊದಲನೆಯದೆಂದು ಬಹಳ ಜನ ಹೇಳುತ್ತಾರೆ. ಆದರೆ ಅದರ ಮೇಲಿದ್ದ ಸಂಖ್ಯೆ 11. ಹಾಗಾದರೆ ಮೊದಲ ಹತ್ತು ಎಲ್ಲಿ? ಅವು ಸಿಂಡರೆಲ್ಲಾಳಂಥ ಪಾಶ್ಚಾತ್ಯ ಕಥೆಗಳು. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಅವರು 1965ರಲ್ಲಿ ಅವನ್ನು ತಂದದ್ದು ಕನ್ನಡದಲ್ಲಿ! ಮುಂದೆ ಮರುಮುದ್ರಣಗಳಿಗೆ ಹೊಸ ಸಂಖ್ಯೆ ಕೊಟ್ಟಾಗ 'ಕೃಷ್ಣ' 501 ಆಯಿತು. ನಿಮ್ಮ ಮನೆಯ ಪ್ರತಿಯ ಮೇಲೆ 501 ಎಂದಿದ್ದರೆ ಅದು ಈಚಿನದು. ಸಂಖ್ಯೆಯೊಂದು ಹೊಂದದಿದ್ದಾಗ 'ಏಕೆ' ಎಂದು ಕೇಳಿದವರಿಗೆ ಇಷ್ಟೆಲ್ಲ ತಿಳಿಯುತ್ತದೆ.

ಈಚಿನ ಇಂಗ್ಲಿಷ್ ಪುಸ್ತಕಗಳಲ್ಲಿ ಗುರುತು ಸುಲಭ. ಶೀರ್ಷಿಕೆಯ ಹಾಳೆಯ ಹಿಂಬದಿಯಲ್ಲಿ 10ರಿಂದ 1ರವರೆಗೆ ಅಂಕಿಗಳ ಸಾಲು ಇರುತ್ತದೆ. ಪ್ರತಿ ಮುದ್ರಣಕ್ಕೂ ಒಂದೊಂದು ಅಂಕಿ ತೆಗೆಯುತ್ತ ಹೋಗುತ್ತಾರೆ. ಸಾಲಿನಲ್ಲಿ 1 ಇನ್ನೂ ಇದ್ದರೆ ಮೊದಲ ಮುದ್ರಣ. 1997ರಲ್ಲಿ ಬಂದ ಮೊದಲ ಹ್ಯಾರಿ ಪಾಟರ್ ಪುಸ್ತಕದ ರಟ್ಟುಕಟ್ಟಿನ ಮೊದಲ ಮುದ್ರಣ 500 ಪ್ರತಿ. ಅದನ್ನು ಗುರುತಿಸುವುದೂ ಈ ಸಾಲಿನಿಂದಲೇ.

ಸೇಡಂ ಪುಸ್ತಕದ ತೀರ್ಮಾನ

ಶಹಾಬಾದಿನ ಹಿರಿಯರನ್ನು ಜೊತೆಗೆ ಕರೆದುಕೊಂಡು ನಾವು ಮತ್ತೆ ಸೇಡಂಗೆ ಹೋದೆವು. ರಟ್ಟಿಗೆ ಅಂಟಿದ್ದ ಕೊನೆಯ ಹಾಳೆಯನ್ನು ಅವರೇ ತೆಳುವಾದ ಬಿದಿರಿನ ಕಡ್ಡಿಯಿಂದ ಅರ್ಧ ಗಂಟೆ ಹಿಡಿದು ಬಿಡಿಸಿದರು. ಒಳಗೆ ಎರಡು ಸಾಕ್ಷಿಗಳಿದ್ದವು. ಕೆಳಗೆ ಅಚ್ಚಾದ ಮುದ್ರಕರ ಸಾಲಿನಲ್ಲಿ 'ಧಾರವಾಡ (ಮೈಸೂರು ರಾಜ್ಯ)' ಎಂದಿತ್ತು. ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು ಎಂಬುದನ್ನು ನೆನಪಿಸಿಕೊಳ್ಳಿ. ಮೇಲೆ ನೀಲಿ ಶಾಯಿಯ ಕೈಬರಹದಲ್ಲಿ ನಾಲ್ಕನೆಯ ವರ್ಗದ ಹುಡುಗನ ಹೆಸರು, 'ಇನಾಮು' ಎಂಬ ಮಾತು, 15-8-1961 ಎಂಬ ತಾರೀಖು.

ಈಗ ಲೆಕ್ಕ ಹಾಕಿ. ಅರಿಕೆ ಬರೆದದ್ದು 1938. ಮುದ್ರಕರ ಸಾಲಿನ ಪ್ರಕಾರ ಈ ಪ್ರತಿ 1956ರ ನವೆಂಬರ್‌ಗೆ ಹಿಂದಿನದಲ್ಲ. ಬೆಲೆಯ ಪ್ರಕಾರ 1957ರ ಏಪ್ರಿಲ್‌ಗೆ ಹಿಂದಿನದಲ್ಲ. ಬಹುಮಾನದ ಬರಹದ ಪ್ರಕಾರ 1961ರ ಆಗಸ್ಟ್ 15ಕ್ಕಿಂತ ಈಚಿನದಲ್ಲ. ಬೆಲೆ ಮತ್ತು ಮುದ್ರಕರ ಸಾಲು ಒಂದನ್ನೊಂದು ಅವಲಂಬಿಸಿಲ್ಲ, ಆದರೂ ಎರಡೂ ಒಂದೇ ಮಾತು ಹೇಳುತ್ತವೆ. ಆದ್ದರಿಂದ ಇದು 1957 ಮತ್ತು 1961ರ ನಡುವಿನ ಮುದ್ರಣ. 1938ರ ಮೊದಲ ಮುದ್ರಣವೆಂದು ನಾನು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. 1938ರಲ್ಲಿ ಪುಸ್ತಕ ನಿಜವಾಗಿ ಹೊರಬಂತೇ ಎಂಬುದನ್ನು ಹೇಳಬೇಕಾದ್ದು ಆಗಿನ ಮುಂಬಯಿ ಪ್ರಾಂತದ ತ್ರೈಮಾಸಿಕ ಪಟ್ಟಿ; ಅರಿಕೆಯ ತಾರೀಖಿನಿಂದ ಅದು ತಾನಾಗಿ ಸಿದ್ಧವಾಗುವುದಿಲ್ಲ.

ಇದರಿಂದ ಬದಲಾದದ್ದೇನು? ನನ್ನ ಮೊದಲಿನ ಮಾತಿನಂತೆ ಈ ಪುಸ್ತಕ ನಿಜಾಮರ ಕಾಲದ ಸೇಡಂನಲ್ಲಿ ಕನ್ನಡ ಶಾಲೆಯ ಸ್ಥಿತಿಗೆ ಸಾಕ್ಷಿಯಾಗಿತ್ತು. ಈಗ ಅದು ಆ ಕಾಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಏಕೀಕರಣವಾದ ಐದು ವರ್ಷದೊಳಗೆ, ಸ್ವಾತಂತ್ರ್ಯ ದಿನದಂದು, ಈ ಊರಿನ ನಾಲ್ಕನೆಯ ವರ್ಗದ ಹುಡುಗನೊಬ್ಬ ಧಾರವಾಡದಲ್ಲಿ ಅಚ್ಚಾದ ಕನ್ನಡ ಪದ್ಯಗಳನ್ನು ಬಹುಮಾನವಾಗಿ ಪಡೆದ ಎಂಬುದಕ್ಕೆ ಅದು ಸಾಕ್ಷಿ. ಒಂದು ತಾರೀಖು ತಪ್ಪಿದರೆ ಒಂದು ಪುಸ್ತಕ ಮಾತ್ರ ತಪ್ಪುವುದಿಲ್ಲ. ಆ ಊರಿನ ಶಾಲೆಯ ಇತಿಹಾಸವೂ ತಪ್ಪುತ್ತದೆ. ಚಿತ್ತಾಪುರದ ಮಕ್ಕಳ ಯೋಜನಾ ಪುಸ್ತಕದಲ್ಲಿ ಅದು ಆಗಲೇ ತಪ್ಪಿತ್ತು. ಅವರಿಗೆ ಬರೆದು ತಿಳಿಸಿದೆ. ಅವರು ಹಳೆಯ ಸಾಲನ್ನು ಅಳಿಸದೆ, ಒಂದು ಗೆರೆ ಎಳೆದು, ಕೆಳಗೆ ಹೊಸದನ್ನು ಕಾರಣಸಹಿತ ಬರೆದಿದ್ದಾರೆ. ಅದು ನನಗಿಂತ ಒಳ್ಳೆಯ ಕ್ರಮ.

ಅಜ್ಜಿಗೆ ವಿಷಯ ತಿಳಿಸುವಾಗ ನನಗೆ ಸಂಕೋಚವಿತ್ತು. ಮೊದಲ ಮುದ್ರಣವಾದರೆ ಬೆಲೆ ಬರುತ್ತದೆಂದು ಯಾರೋ ಅವರಿಗೆ ಹೇಳಿದ್ದರಂತೆ. ಅವರು ಕೊನೆಯ ಹಾಳೆಯ ಬರಹವನ್ನೇ ಬಹಳ ಹೊತ್ತು ನೋಡಿದರು. "ಅಣ್ಣನ ಹೆಸರು ಒಳಗ ಐತಂತ ನನಗೂ ಗೊತ್ತಿರ್ಲಿಲ್ರಿ" ಎಂದು ಹೇಳಿ ಪುಸ್ತಕವನ್ನು ಮತ್ತೆ ಟ್ರಂಕಿನಲ್ಲಿ ಇಟ್ಟರು.

ನಿಮ್ಮ ಮನೆಯ ಅಟ್ಟದಲ್ಲೋ ಶಾಲೆಯ ಪೆಟ್ಟಿಗೆಯಲ್ಲೋ ಹಳೆಯ ಮಕ್ಕಳ ಪುಸ್ತಕ ಸಿಕ್ಕರೆ ಒಂದು ಹಾಳೆಯ ಮೇಲೆ ಈ ವಿವರಗಳನ್ನು ಬರೆಯಿರಿ: ಅರಿಕೆಯ ತಾರೀಖು, ಅಚ್ಚಾದ ಬೆಲೆ, ಮುದ್ರಕರ ಸಾಲು ಮತ್ತು ವಿಳಾಸ, ಕೊನೆಯಲ್ಲಿರುವ ಇತರ ಪುಸ್ತಕಗಳ ಜಾಹೀರಾತು, ಮುದ್ರೆಗಳು, ಕೈಬರಹ. ಪ್ರತಿಯೊಂದರ ಮುಂದೆ 'ಇದಕ್ಕಿಂತ ಹಿಂದಿನದಲ್ಲ' ಅಥವಾ 'ಇದಕ್ಕಿಂತ ಈಚಿನದಲ್ಲ' ಎಂದು ಗುರುತಿಸಿ. ಬೇರೆ ಪ್ರತಿಗಳೊಡನೆ ಹೋಲಿಸಬೇಕಾದರೆ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯವಿದೆ, ಚೆನ್ನೈಯ ಕನ್ನಿಮರ ಗ್ರಂಥಾಲಯವಿದೆ, ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವಿದೆ. 1954ರ ಕಾಯ್ದೆಯಂತೆ ಪ್ರಕಾಶಕರು ಹೊಸ ಪುಸ್ತಕಗಳ ಪ್ರತಿಯನ್ನು ಕೋಲ್ಕತ್ತ ಮತ್ತು ಚೆನ್ನೈಯ ಈ ಗ್ರಂಥಾಲಯಗಳಿಗೆ ಕಳುಹಿಸಬೇಕು.

ಶಹಾಬಾದಿನ ಹಿರಿಯರು ನಿಮಗಾಗಿ ಇನ್ನೊಂದು ಮಾತನ್ನು ಬರೆದುಕೊಟ್ಟಿದ್ದಾರೆ. ಹರಿದ ಹಾಳೆಗೆ ಪ್ಲಾಸ್ಟಿಕ್ ಟೇಪು ಅಂಟಿಸಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಕ್ಷರವನ್ನು ತಿನ್ನುತ್ತದೆ. ಹರಿದ ತುಂಡನ್ನು ಒಂದು ಲಕೋಟೆಯಲ್ಲಿಟ್ಟು ಪುಸ್ತಕದ ಜೊತೆಗೇ ಇಡಿ. ಅದರಲ್ಲೇ ಬೆಲೆ ಇರಬಹುದು.